ಕೆಳಗಿನ ಚುಕ್ಕೆ

"ಒಂದ್ನಿಮಿಷ, ಒಂದ್ನಿಮಿಷ. 'ಪರಿಣಾಮ' ಅಂತ ಶೀರ್ಷಿಕೆಯಲ್ಲೇ ಹಾಕಿಬಿಟ್ರೆ ಹೇಗೆ? ಪರಿಣಾಮ ಇದೆಯೋ ಇಲ್ಲವೋ ಅಂತ ತಾನೇ ನಾವು ನೋಡಕ್ಕೆ ಬಂದಿರೋದು?"

ಪರದೆಯ ಮೇಲೆ ಇನ್ನೂ ಮೊದಲ ಪುಟವೇ ಇತ್ತು. ಅವಳು "ಎಲ್ಲರಿಗೂ ನಮಸ್ಕಾರ" ಅಂದಿದ್ದಳು, ಅಷ್ಟೆ. ಅರ್ಥಶಾಸ್ತ್ರ ಕೇಂದ್ರದ ಸೆಮಿನಾರು ಶುರುವಾಗುವುದೇ ಹೀಗೆ. ಮಾತಾಡುವವರನ್ನು ಮೂರನೆಯ ಪುಟದವರೆಗೆ ಸುಮ್ಮನೆ ಹೋಗಲು ಬಿಟ್ಟರೆಂದರೆ ವಿಷಯದಲ್ಲಿ ಹುರುಳಿಲ್ಲ ಎಂದೇ ಲೆಕ್ಕ. ಹಿಂದೆ ಒಬ್ಬ ಪಾಪದ ಅತಿಥಿಯ ಭಾಷಣವನ್ನು ಎಲ್ಲರೂ ಕೊನೆಯತನಕ ತೆಪ್ಪಗೆ ಕೇಳಿಸಿಕೊಂಡಿದ್ದರು. ಆತ ತನಗೆ ಭಾರೀ ಮರ್ಯಾದೆ ಸಿಕ್ಕಿತೆಂದು ಖುಷಿಯಾಗಿ ಊರಿಗೆ ಹೋದ.

ಉದ್ದನೆಯ ಮೇಜಿನ ಸುತ್ತ ಎಲ್ಲ ಕುರ್ಚಿಗಳೂ ತುಂಬಿದ್ದವು. ಕಿಟಕಿಯ ಪರದೆ ಪೂರ್ತಿ ಮುಚ್ಚದೆ, ಬಿಸಿಲಿನ ಒಂದು ಪಟ್ಟಿ ಬಂದು ಬಿಳಿ ಹಲಗೆಯ ಮೂಲೆಯ ಮೇಲೆ ಬಿದ್ದಿತ್ತು. ಅಲ್ಲಿ ಯಾರೋ ಎಷ್ಟೋ ವರ್ಷಗಳ ಹಿಂದೆ ಬರೆದಿದ್ದ, ಇವತ್ತಿಗೂ ಯಾರೂ ಒರೆಸದಿದ್ದ ಸಾಲು: ಕಥೆ ಹೇಳಿದವರೇ ಚಹಾ ತರಬೇಕು.

ಅದು ನಿರ್ದೇಶಕರು ಮಾಡಿದ ಕಾನೂನು. ಬೆನ್ನ ಹಿಂದೆ ಅವರನ್ನು ಎಲ್ಲರೂ 'ಸರಾಸರಿ' ಎಂದೇ ಕರೆಯುತ್ತಿದ್ದರು, ಅದು ಅವರಿಗೂ ಗೊತ್ತಿತ್ತು. ಬಹಳ ಹಿಂದೆ ಕೇಂದ್ರದಲ್ಲೊಬ್ಬ ಹಿರಿಯ ಪ್ರಾಧ್ಯಾಪಕರಿದ್ದರಂತೆ. ಯಾವ ಅಧ್ಯಯನವನ್ನು ಮುಂದಿಟ್ಟರೂ "ನಮ್ಮ ಪಕ್ಕದ ಮನೆಯವರು ಇದಾರಲ್ಲ, ಅವರಿಗೆ ಹೀಗಾಗಲಿಲ್ಲ" ಎಂದು ಅಡ್ಡಗಾಲು ಹಾಕುತ್ತಿದ್ದರಂತೆ. "ನಿಮ್ಮ ಪಕ್ಕದ ಮನೆಯವರ ಮೇಲೆ ನಂಗೂ ಪ್ರೀತಿನೇ ಸಾರ್, ಆದ್ರೆ ಒಬ್ಬರು ಪುರಾವೆ ಅಲ್ಲ" ಎಂದು ಸರಾಸರಿಯವರು ಅಂದು, ಅವತ್ತೇ ಈ ನಿಯಮ ಹಾಕಿದರು. ಸೆಮಿನಾರಿನಲ್ಲಿ ಯಾರಾದರೂ ಒಬ್ಬ ಮನುಷ್ಯನ ಕಥೆ ಹೇಳಲು ಹೊರಟರೆ ಉಳಿದವರು "ಟೀ! ಟೀ!" ಎಂದು ಮೇಜು ಕುಟ್ಟುತ್ತಿದ್ದರು. ಸಿಕ್ಕಿಬಿದ್ದವರು ಬಿಡುವಿನಲ್ಲಿ ಕೆಳಗಿನ ಕ್ಯಾಂಟೀನಿಗೆ ಹೋಗಿ ಅಷ್ಟೂ ಜನರಿಗೆ ಚಹಾ ಹೊತ್ತು ತರಬೇಕಿತ್ತು. ಕೇಂದ್ರಕ್ಕೆ ಬಂದ ಹೊಸದರಲ್ಲಿ ಅವಳಿಗೆ ಈ ಆಟ ಬಲು ಇಷ್ಟವಾಗಿತ್ತು. ಎಷ್ಟೋ ಸಲ ಎಲ್ಲರಿಗಿಂತ ಮೊದಲು ಕೂಗಿದವಳು ಅವಳೇ.

"ಶೀರ್ಷಿಕೆ ಬದಲಾಯಿಸ್ತೀನಿ ಸರ್," ಎಂದು ತಡೆದವರಿಗೆ ಹೇಳಿ ಅವಳು ಎರಡನೆಯ ಪುಟಕ್ಕೆ ಹೋದಳು.

ಅಧ್ಯಯನ ಸರಳವಾಗಿತ್ತು. ಪಾರ್ಶ್ವವಾಯು ಬಡಿದು ಒಂದು ಕೈ, ಒಂದು ಕಾಲು ಬಿದ್ದುಹೋದವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಫಿಸಿಯೋ ಒಬ್ಬರು ವಾರಕ್ಕೆ ಎರಡು ಸಲ ಮನೆಗೇ ಹೋಗಿ ವ್ಯಾಯಾಮ ಮಾಡಿಸಿದರೆ ಎಷ್ಟು ಜನ ಮತ್ತೆ ಕೆಲಸಕ್ಕೆ ಮರಳುತ್ತಾರೆ? ಅದಕ್ಕೆ ಆಗುವ ಖರ್ಚು ಲಾಭವೋ ನಷ್ಟವೋ? ಊರಿನಲ್ಲಿದ್ದ ಕೆಲವೇ ಫಿಸಿಯೋಗಳನ್ನೆಲ್ಲ ಯೋಜನೆಯೇ ಹಿಡಿದುಕೊಂಡಿತ್ತು. ಆದರೂ ಎಲ್ಲ ಮನೆಗಳಿಗೂ ಸಾಲುವಷ್ಟಿರಲಿಲ್ಲ. ಹಾಗಾಗಿ ಹೆಸರು ಕೊಟ್ಟವರನ್ನು ಕಂಪ್ಯೂಟರಿನಲ್ಲಿ ಲಾಟರಿ ಎತ್ತಿ ಎರಡು ಪಾಲು ಮಾಡಿದರು. ಒಂದು ಭೇಟಿ ಗುಂಪು, ಇನ್ನೊಂದು ಹೋಲಿಕೆ ಗುಂಪು. ಭೇಟಿ ಗುಂಪಿನ ಮನೆಗೆ ಫಿಸಿಯೋ ಹೋಗುತ್ತಾರೆ. ಹೋಲಿಕೆ ಗುಂಪಿನ ಮನೆಗೆ ವರ್ಷ ಕಳೆದ ಮೇಲೆ, ಅಧ್ಯಯನ ಮುಗಿದ ಮೇಲೆ.

ಹೋಲಿಕೆ ಗುಂಪಿನಲ್ಲಿ ಅವಳ ಭಾವ ಇದ್ದರು.

ಇದು ಆ ಕೋಣೆಯಲ್ಲಿ ಅವಳೊಬ್ಬಳಿಗೆ ಮಾತ್ರ ಗೊತ್ತಿತ್ತು.

ಭಾವನಿಗೆ ಬಸ್ ನಿಲ್ದಾಣದ ಪಕ್ಕದಲ್ಲಿ ಬೀಗದ ಕೀ ಮಾಡುವ ಅಂಗಡಿ. ಅಂಗಡಿ ಎಂದರೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಲೂ ಜಾಗವಿಲ್ಲದ ಡಬ್ಬ. ಯಂತ್ರವಿತ್ತು, ಆದರೆ ಯಂತ್ರ ಕತ್ತರಿಸಿದ ಕೀಯನ್ನು ಅವರು ಹಾಗೇ ಕೊಟ್ಟವರಲ್ಲ. ಅರ ಹಿಡಿದು ಎರಡು ಉಜ್ಜು ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಮತ್ತೊಂದು ಉಜ್ಜು ಉಜ್ಜಿಯೇ ಕೊಡುವುದು. ಅಮ್ಮ ಹೋದ ಮೇಲೆ ಅವಳನ್ನು ಅಕ್ಕನ ಜೊತೆಗಿರಲೆಂದು ಮನೆಗೆ ಕರೆದುಕೊಂಡು ಬಂದು ಓದಿಸಿದವರು ಅವರೇ. ಅವಳಿಗೆ ಪಿಎಚ್‌ಡಿ ಬಂದ ದಿನ ಅಂಗಡಿಗೆ ಬಂದವರಿಗೆಲ್ಲ "ನಮ್ಮನೇಲಿ ಒಬ್ರು ಡಾಕ್ಟ್ರು ಆದ್ರು, ಜ್ವರ ಬಂದ್ರೆ ಮಾತ್ರ ಬೇರೆಯವರ ಹತ್ರ ಹೋಗ್ಬೇಕು" ಎಂದು ಹೇಳಿದ್ದರು. ಅಂದಿನಿಂದ ಅವಳು ಡಾಕ್ಟ್ರಮ್ಮ.

ಒಂದು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಭಾವನ ಕೈಯಿಂದ ಕೀ ಗೊಂಚಲು ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಏಳಲಿಲ್ಲ. ಬಲಗೈ, ಬಲಗಾಲು. ಕಾಲು ಆಸ್ಪತ್ರೆಯಲ್ಲೇ ಸ್ವಲ್ಪ ಸ್ವಾಧೀನಕ್ಕೆ ಬಂತು. ಕೈ ಮಾತ್ರ ತೊಡೆಯ ಮೇಲೆ ಇಟ್ಟರೆ ಇಟ್ಟ ಹಾಗೇ ಇರುತ್ತಿತ್ತು. ಬೆರಳುಗಳನ್ನಷ್ಟೇ ತುಸು ಮಡಚುತ್ತಿದ್ದರು.

ಆಸ್ಪತ್ರೆಯಲ್ಲಿ ಯೋಜನೆಯವರು ಬಂದು ಒಪ್ಪಿಗೆ ಕೇಳಿದಾಗ ಅಕ್ಕ ಅವಳಿಗೆ ಫೋನ್ ಮಾಡಿದಳು. "ಪುಟ್ಟಿ, ಇದು ನಿಮ್ಮ ಆಫೀಸಿಂದೇ ಅಲ್ವೇನೆ? ಹೆಸರು ಕೊಡ್ಲಾ ಬೇಡ್ವಾ?"

ಸಂಬಂಧಿಕರಿದ್ದರೆ ತಿಳಿಸಬೇಕೆಂದು ನಿಯಮವಿತ್ತು. ತಿಳಿಸಿದರೆ ಅವರ ಹೆಸರನ್ನು ಕೈಬಿಡುತ್ತಿದ್ದರು. ಕೈಬಿಟ್ಟರೆ ಫಿಸಿಯೋ ಬರುವ ಮಾತೇ ಇಲ್ಲ. ಅವಳು ಒಂದು ಕ್ಷಣ ಲೆಕ್ಕ ಹಾಕಿದಳು. ಅವಳಿಗೆ ಬರುವುದು ಅದೊಂದೇ ಕೆಲಸ. ಹೆಸರು ಕೊಟ್ಟರೆ ಅರ್ಧ ಅವಕಾಶ, ಕೊಡದಿದ್ದರೆ ಸೊನ್ನೆ.

"ಕೊಡು ಅಕ್ಕ. ನಾನು ಯಾರು ಅಂತ ಮಾತ್ರ ಹೇಳ್ಬೇಡ."

ಲಾಟರಿಗೆ ಕಂಪ್ಯೂಟರ್ ಯಾವ ಸಂಖ್ಯೆಯಿಂದ ಶುರು ಮಾಡಬೇಕು ಎಂಬುದನ್ನು ಕೇಂದ್ರದಲ್ಲಿ ಎಲ್ಲರ ಮುಂದೆ ದಾಳ ಉರುಳಿಸಿ ತೀರ್ಮಾನಿಸುವ ರೂಢಿ. ಯಾರೂ ಯಾರ ಮೇಲೂ ಬೆರಳು ತೋರಿಸಬಾರದು ನೋಡಿ. ಅಧ್ಯಯನದ ಹೊಣೆ ಯಾರದ್ದೋ ದಾಳವೂ ಅವರದೇ. ಅವಳು ದಾಳವನ್ನು ಅಂಗೈಯಲ್ಲಿ ಕುಲುಕುವಾಗ ಸರಾಸರಿಯವರು "ಏನಮ್ಮ, ಮದುವೆಮನೇಲಿ ಅಕ್ಷತೆ ಹಿಡಿದ ಹಾಗೆ ಹಿಡಿದಿದೀಯ, ಹಾಕು" ಎಂದು ನಕ್ಕರು. ಹಾಕಿದಳು. ಇನ್ನೊಂದು ಮುಖ ಬಿದ್ದಿದ್ದರೆ ಭಾವ ಆ ಕಡೆಗೆ ಹೋಗುತ್ತಿದ್ದರೋ ಏನೋ. ಆಮೇಲೆ ಅವಳು ಬೇರೆ ಬೇರೆ ಸಂಖ್ಯೆ ಕೊಟ್ಟು ಲಾಟರಿಯನ್ನು ಮತ್ತೆ ಮತ್ತೆ ಓಡಿಸಿ ನೋಡಿದ್ದುಂಟು. ಭಾವ ಒಮ್ಮೆ ಈಚೆ, ಒಮ್ಮೆ ಆಚೆ. ನೋಡಿ ಏನು ಮಾಡುವುದು, ಹೊಟ್ಟೆ ಉರಿಸಿಕೊಳ್ಳಲು ಅಷ್ಟೆ.

"ಹಿಂದಿನ ಬೀದಿಯ ಡ್ರೈವರ್ ಮನೆಗೆ ಫಿಸಿಯೋ ಬರ್ತಾರೆ ಕಣೆ," ಎಂದು ಅಕ್ಕ ಹೇಳುತ್ತಿದ್ದಳು. "ಅವರು ಆಗ್ಲೇ ಲೋಟ ಹಿಡಿತಾರಂತೆ. ನಮ್ಮನೆ ಮುಂದೇನೇ ಸ್ಕೂಟರ್ ಹೋಗತ್ತೆ. ನಿಮ್ಮ ಭಾವ ಕಿಟಕೀಲಿ ಕೂತು ನೋಡ್ತಾರೆ. ನೀನು ಒಂದು ಮಾತು ಹೇಳಕ್ಕೆ ಆಗಲ್ವಾ?"

"ನಾನು ಹೇಳೋ ಹಾಗಿಲ್ಲ ಅಕ್ಕ."

"ಹೇಳೋ ಹಾಗಿಲ್ವೋ, ಹೇಳಕ್ಕೆ ಇಷ್ಟ ಇಲ್ವೋ?"

ಅಕ್ಕ ಹಾಗೆ ಕೇಳಿದ್ದು ಅದೊಂದೇ ಸಲ. ಆ ಮಾತು ಅವಳಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಮರುದಿನವೇ ಸರಾಸರಿಯವರ ಕೋಣೆಗೆ ಹೋದಳು. ಹೋಲಿಕೆ ಗುಂಪಿನಲ್ಲಿ ಯಾವುದಾದರೂ ಮನೆಯವರು ತೀರಾ ಕಷ್ಟದಲ್ಲಿದ್ದರೆ ಅವರಿಗೆ ಮೊದಲೇ ಫಿಸಿಯೋ ಕಳಿಸಬಹುದಾ ಎಂದು, ತನಗೇನೂ ಸಂಬಂಧವಿಲ್ಲದ ಹಾಗೆ ಕೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟ ಮನುಷ್ಯರಲ್ಲ ಅವರು, ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಿತ್ತು.

"ಎಲ್ಲರೂ ಕಷ್ಟದಲ್ಲೇ ಇದಾರಮ್ಮ. ಒಬ್ಬರಿಗೆ ಕಳಿಸಿದ್ರೆ ಇನ್ನೊಬ್ಬರಿಗೆ ಯಾಕಿಲ್ಲ ಅನ್ನೋದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಇದು ಸರಿಯಾಗಿ ನಡೆದು ಫಲಿತಾಂಶ ಬಂದ್ರೆ ಸರ್ಕಾರ ಎಲ್ಲ ಊರಿಗೂ ಫಿಸಿಯೋ ಕೊಡತ್ತೆ. ಎಷ್ಟು ಸಾವಿರ ಕೈ ಉಳಿಯತ್ತೆ ಯೋಚನೆ ಮಾಡು." ಆಮೇಲೆ ಅವಳ ಮುಖ ನೋಡಿ ಮೆಲ್ಲಗೆ ಕೇಳಿದರು. "ಯಾರಾದ್ರೂ ಗೊತ್ತಿರೋರಾ?"

ಹೌದು ಎಂದರೆ ಭಾವನ ಹೆಸರು ಹೋಗುತ್ತದೆ, ವರ್ಷದ ಕೊನೆಗೆ ಬರುವ ಫಿಸಿಯೋ ಕೂಡ ಹೋಗುತ್ತಾರೆ. ಮುಚ್ಚಿಟ್ಟವಳು ಎಂದು ತನ್ನ ಕೆಲಸವೂ ಹೋಗಬಹುದು. ಭಾವ ಮಲಗಿದ ಮೇಲೆ ಆ ಮನೆ ನಡೆಯುತ್ತಿದ್ದುದೇ ಅವಳ ಸಂಬಳದಿಂದ.

"ಇಲ್ಲ ಸರ್," ಎಂದಳು.

ಮೊದಲ ಆರೇಳು ತಿಂಗಳಲ್ಲಿ ಬಂದದ್ದಷ್ಟೇ ಬಂತು, ಆಮೇಲೆ ಕೈ ಗಟ್ಟಿಯಾಗಿ ಕೂತುಬಿಡುತ್ತದೆ ಎಂದು ಅವಳೇ ತನ್ನ ಪ್ರಬಂಧದ ಪೀಠಿಕೆಯಲ್ಲಿ ಬರೆದಿದ್ದಳು. ಒಂದು ದಿನ ತಡೆಯಲಾಗದೆ ಫಿಸಿಯೋಗಳಿಗೆಂದು ಕೇಂದ್ರವೇ ಅಚ್ಚು ಹಾಕಿಸಿದ್ದ ವ್ಯಾಯಾಮದ ಕೈಪಿಡಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು. ಇದು ಅಧ್ಯಯನಕ್ಕೆ ಮಾಡುವ ದ್ರೋಹವೆಂದು ಅವಳಿಗೆ ಗೊತ್ತಿತ್ತು. ಆಗಲಿ ಎಂದುಕೊಂಡಳು.

ಕೈಪಿಡಿಯಲ್ಲಿ ಹಂತಗಳಿದ್ದವು. ಯಾರನ್ನು ಯಾವ ಹಂತದಿಂದ ಶುರು ಮಾಡಬೇಕೆಂಬುದನ್ನು ಫಿಸಿಯೋ ಭುಜ ಮುಟ್ಟಿ ನೋಡಿ ನಿರ್ಧರಿಸಬೇಕು. ಮುಟ್ಟಿ ನೋಡುವುದು ಅವಳಿಗೆ ಎಲ್ಲಿ ಬರಬೇಕು? ಬರುತ್ತಿದ್ದುದು ಲೆಕ್ಕ. ಭೇಟಿ ಗುಂಪಿನವರು ಆ ಹೊತ್ತಿಗೆ ಎಲ್ಲಿದ್ದಾರೆಂದು ತೆಗೆದು ನೋಡಿದಳು. ಸರಾಸರಿ ತೆಗೆದರೆ ಆ ಗುಂಪು ಮೂರನೆಯ ಹಂತದಲ್ಲಿತ್ತು. ಭಾವನಿಗೂ ಸ್ಟ್ರೋಕ್ ಆಗಿ ಅಷ್ಟೇ ದಿನವಾಗಿತ್ತು. ಅಂದಮೇಲೆ ಅವರನ್ನೂ ಮೂರನೆಯ ಹಂತದಿಂದಲೇ ಶುರು ಮಾಡೋಣ, ಕಳೆದ ದಿನಗಳನ್ನು ಹಿಡಿದುಕೊಂಡುಬಿಡೋಣ ಎಂದು ಅವಳಿಗೆ ತೋರಿತು. ಅರ್ಥಶಾಸ್ತ್ರ ಓದದ ಯಾರಿಗೂ ಹಾಗೆ ತೋರುತ್ತಿರಲಿಲ್ಲ.

ಬಾಗಿಲ ಮೇಲಿನ ಕೊಕ್ಕೆಗೆ ಹಗ್ಗ ಹಾಕಿ, ಒಂದು ತುದಿಗೆ ಭಾವನ ಬಲಗೈ ಮುಂಗೈಯನ್ನು ಬಟ್ಟೆಯಿಂದ ಕಟ್ಟಿ, ಇನ್ನೊಂದು ತುದಿಯನ್ನು ಅವರ ಎಡಗೈಗೆ ಕೊಟ್ಟಳು. ಎಡಗೈಯಿಂದ ಎಳೆದರೆ ಬಲಗೈ ಮೇಲೇರಬೇಕು.

"ಬಾವಿ ನೀರು ಸೇದ... ಸೇದಿದ ಹಾಗಿದೆ, ಡಾಕ್ಟ್ರಮ್ಮ," ಎಂದರು ಭಾವ. ಮಾತು ಇನ್ನೂ ತೊಡರುತ್ತಿತ್ತು, ತಮಾಷೆ ಮಾತ್ರ ಎಲ್ಲೂ ತೊಡರಿರಲಿಲ್ಲ.

"ನೋವಾದ್ರೆ ಹೇಳಿ ಭಾವ."

ಅವರು ಹೇಳಲಿಲ್ಲ. ಅವಳು ಕಷ್ಟಪಟ್ಟು ಮಾಡಿಸುತ್ತಿದ್ದಾಳೆ, ಹೇಳಿದರೆ ನೊಂದುಕೊಂಡಾಳು ಎಂದು ವಾರಗಟ್ಟಲೆ ಹಲ್ಲು ಕಚ್ಚಿ ಹಗ್ಗ ಎಳೆದರು. ಒಂದು ದಿನ ಅಂಗಿ ಬದಲಿಸುವಾಗ ಅಕ್ಕ ನೋಡಿದಳು. ಭುಜ ಊದಿ ಕೆಂಪಾಗಿತ್ತು, ಮೂಳೆ ಜಾಗ ಬಿಟ್ಟು ಸರಿದಿತ್ತು. ಆಸ್ಪತ್ರೆಯಲ್ಲಿ ವೈದ್ಯರು "ಯಾರ್ರೀ ಇದನ್ನ ಮಾಡಿದ್ದು? ಜೋತುಬಿದ್ದ ಕೈನ ಹೀಗೆ ಎಳಿತಾರಾ?" ಎಂದು ಬೈದರು. ಅಕ್ಕ ತಾನೇ ಮಾಡಿದ್ದೆಂದಳು. ಕೈಗೆ ಪಟ್ಟಿ ಬಿತ್ತು. ಮನೆಗೆ ಬಂದ ಮೇಲೆ ಅಕ್ಕ ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅಕ್ಕ "ಊಟ ಮಾಡು ಬಾ" ಎಂದಳು.

ವರ್ಷದ ಕೊನೆಗೆ ಅಳತೆ ಮಾಡುವಾಕೆ ಎಲ್ಲ ಮನೆಗಳಿಗೂ ಹೋದಳು. ಆಕೆಯ ಬಳಿ ಮರದ ಹಲಗೆಯೊಂದಕ್ಕೆ ಕೂರಿಸಿದ ಬೀಗವಿತ್ತು. ಬಿದ್ದುಹೋದ ಕೈಯಿಂದ ಬೀಗದಲ್ಲಿ ಕೀ ತಿರುಗಿಸಬೇಕು. ಕೈ ಎಷ್ಟು ಬಂದಿದೆ ಎಂದು ನೋಡಲು ಎಲ್ಲ ಕಡೆ ಬಳಸುವ ಪರೀಕ್ಷೆ ಅದು. ಅವಳು ಅಲ್ಲಿರಲಿಲ್ಲ, ಇರುವ ಹಾಗಿರಲಿಲ್ಲ. ಅಕ್ಕ ಹೇಳಿದ್ದಷ್ಟೇ ಗೊತ್ತು. ಭಾವ ಎಡಗೈಯಲ್ಲಿ ಕೀ ಎತ್ತಿಕೊಂಡು, ಬೆಳಕಿಗೆ ಹಿಡಿದು, "ಹಲ್ಲು ಸರಿಯಾಗಿ ಉಜ್ಜಿಲ್ಲ" ಎಂದರಂತೆ. ಬಲಗೈಯಲ್ಲಿ ಎಂದು ಆಕೆ ನೆನಪಿಸಿದಳಂತೆ. ಆಕೆಯೇ ಬೆರಳುಗಳ ನಡುವೆ ಕೀ ಇಟ್ಟಳಂತೆ. ಅದು ಬಿತ್ತು. ಇನ್ನೊಮ್ಮೆ ಇಟ್ಟಳು. ಬಿತ್ತು. ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಇದೇ ಪರೀಕ್ಷೆಯಾದಾಗ ಅವರು ಕೀಯನ್ನು ತಿರುಗಿಸದಿದ್ದರೂ ಒಂದಿಷ್ಟು ಹೊತ್ತು ಹಿಡಿದಿದ್ದರು.

"ಬೇಜಾರ್ ಮಾಡ್ಕೋಬೇಡಿ, ಬೇರೆ ಕೀ ತನ್ನಿ ಅಂತ ಆ ಯಮ್ಮಂಗೆ ಇವರೇ ಸಮಾಧಾನ ಹೇಳಿದ್ರು," ಎಂದು ಹೇಳುವಾಗ ಅಕ್ಕ ನಕ್ಕಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು.

ಈಗ ಆ ಎಲ್ಲ ಕೈಗಳೂ ಪರದೆಯ ಮೇಲಿದ್ದವು. ಪ್ರತಿಯೊಬ್ಬರೂ ಒಂದೊಂದು ಚುಕ್ಕೆ, ವರ್ಷದಲ್ಲಿ ಕೈ ಸುಧಾರಿಸಿದಷ್ಟು ಎತ್ತರದಲ್ಲಿ. ಭೇಟಿ ಗುಂಪಿನ ನೀಲಿ ಚುಕ್ಕೆಗಳು ಮೇಲೆ, ಹೋಲಿಕೆ ಗುಂಪಿನ ಬೂದು ಚುಕ್ಕೆಗಳು ಅವುಗಳ ಕೆಳಗೆ. ನಡುವಿನ ಅಂತರ ಕುರುಡರಿಗೂ ಕಾಣುವಷ್ಟಿತ್ತು. ಇಂಥ ಅಂತರಕ್ಕಾಗಿ ಕೆಲವರು ಜೀವಮಾನವಿಡೀ ಕಾಯುತ್ತಾರೆ. ಕೋಣೆಯಲ್ಲಿ ಯಾರೋ ಸಿಳ್ಳೆಯ ಹಾಗೆ ಉಸಿರು ಬಿಟ್ಟರು. ಸರಾಸರಿಯವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ತಮ್ಮದೇ ಮಗಳನ್ನು ನೋಡುವ ಹಾಗೆ ಅವಳನ್ನು ನೋಡಿದರು. ಅವಳಿಗೂ ಸಂತೋಷವಾಯಿತು. ಆಗಬಾರದಿತ್ತು, ಆಯಿತು.

"ಮೇಡಂ, ಒಂದು ಪ್ರಶ್ನೆ," ಎಂದು ಕೈಯೆತ್ತಿದವನು ಆ ವರ್ಷವಷ್ಟೇ ಸೇರಿದ್ದ ಅಧ್ಯಾಪಕ, ಚುರುಕು ಮನುಷ್ಯ. "ಬೂದು ಗುಂಪಲ್ಲಿ ಕೆಳಗಡೆ ಒಂಟಿಯಾಗಿ ಒಂದು ಚುಕ್ಕೆ ಇದೆಯಲ್ಲ? ಸೊನ್ನೆ ಗೆರೆಗಿಂತಾನೂ ಕೆಳಗೆ. ಉಳಿದೋರೆಲ್ಲ ಸ್ವಲ್ಪನಾದ್ರೂ ಸುಧಾರಿಸಿದಾರೆ, ಇದೊಂದೇ ಹಿಂದಕ್ಕೆ ಹೋಗಿದೆ. ಅಳತೆ ತಪ್ಪಿರಬಹುದಾ?"

ಚುಕ್ಕೆಗೆ ಹೆಸರಿರಲಿಲ್ಲ, ಸಂಖ್ಯೆ ಮಾತ್ರ. ಅದು ಅವಳಿಗೆ ಬಾಯಿಪಾಠವಾಗಿತ್ತು.

"ಅಳತೆ ಸರಿ ಇದೆ."

"ಹಾಗಾದ್ರೆ ಯಾಕೆ ಹಾಗಾಯ್ತು?"

ಪ್ರಶ್ನೆ ನ್ಯಾಯವಾಗಿತ್ತು. ಅಷ್ಟು ದಿನಗಳಲ್ಲಿ ಯಾರೂ ಅವಳನ್ನು ಹಾಗೆ ನೇರವಾಗಿ ಕೇಳಿರಲಿಲ್ಲ. ಯಾಕೆ ಹಾಗಾಯ್ತು? ಕೆಲಸ ಹೋದರೆ ಹೋಗಲಿ, ಹೇಳಿಯೇಬಿಡುತ್ತೇನೆ ಎಂದುಕೊಂಡಳು.

"ಅವರು... ಅವರು ಬೀಗದ ಕೀ ಮಾಡೋರು. ಬಸ್ ಸ್ಟ್ಯಾಂಡ್ ಹತ್ರ ಅವರದೊಂದು ಅಂಗಡಿ ಇತ್ತು. ಫಿಸಿಯೋ ಬರ್ತಾರೆ ಅಂತ ಕಾದು ಕಾದು, ಆಮೇಲೆ ಮನೆಯವರೇ ಒಬ್ಬರು—"

"ಟೀ!"

ಮೇಜಿನ ಆ ತುದಿಯಿಂದ ಯಾರೋ ಕೂಗಿದರು. ಇನ್ನೊಬ್ಬರು ಮೇಜು ಕುಟ್ಟಿದರು. ಕ್ಷಣದಲ್ಲಿ ಇಡೀ ಕೋಣೆ "ಟೀ! ಟೀ!" ಎಂದು ತಾಳ ಹಾಕತೊಡಗಿತು. ಊರವರಿಗೆಲ್ಲ ಚಹಾ ಹೊರಿಸಿದವಳು ಕೊನೆಗೂ ತಾನೇ ಸಿಕ್ಕಿಬಿದ್ದಳೆಂಬ ಖುಷಿ ಎಲ್ಲರ ಮುಖದಲ್ಲಿ. ಸರಾಸರಿಯವರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಅಂತೂ ನೀನೂ ಬಿದ್ದೆಯಲ್ಲಮ್ಮ!" ಅವಳಿಗೂ ನಗು ಬಂತು. ರೂಢಿ, ಬಂದುಬಿಟ್ಟಿತು. ನಕ್ಕ ಮೇಲೆ ಮುಂದಿನ ಮಾತು ಎಲ್ಲಿಂದ ಎತ್ತಿಕೊಳ್ಳಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಯಾಕಾಯ್ತು ಅನ್ನೋದು ಬಿಡಿ," ಎಂದನು ಹೊಸ ಅಧ್ಯಾಪಕ, ಅವಳಿಗೆ ಸಹಾಯ ಮಾಡುವ ದನಿಯಲ್ಲಿ. "ಅದನ್ನ ತೆಗೆದು ಒಂದ್ಸಲ ತೋರಿಸ್ತೀರಾ? ಫಲಿತಾಂಶ ಅದರ ಮೇಲೆ ನಿಂತಿದೆಯಾ ಅಂತ ಗೊತ್ತಾಗತ್ತೆ."

ಅವಳು ಸಂಖ್ಯೆ ಬರೆದು ಕೀಲಿಯೊತ್ತಿದಳು. ಕೆಳಗಿನ ಚುಕ್ಕೆ ಮಾಯವಾಯಿತು. ಎಲ್ಲರೂ ಪರದೆಯ ಬಲಗಡೆಯ ಅಂಕಿಗಳನ್ನು ನೋಡಿದರು. ಮೊದಲಿದ್ದದ್ದೇ ಅಂತರ, ಮೊದಲ ದಶಾಂಶ ಸ್ಥಾನ ಕೂಡ ಅಲುಗಿರಲಿಲ್ಲ.

"ಏನೂ ಬದಲಾಗಲ್ಲ," ಎಂದಳು.

"ಅದೇ!" ಸರಾಸರಿಯವರು ಮೇಜು ತಟ್ಟಿದರು. "ಗಟ್ಟಿ ಫಲಿತಾಂಶ ಅಂದ್ರೆ ಇದು. ಯಾರೊಬ್ಬರನ್ನ ತೆಗೆದ್ರೂ ಅಲ್ಲಾಡಬಾರದು."

ಚಪ್ಪಾಳೆ ಬಿತ್ತು. ಸೆಮಿನಾರಿನ ನಡುವೆ ಚಪ್ಪಾಳೆ ಬೀಳುವುದು ಆ ಕೇಂದ್ರದಲ್ಲಿ ಅಪರೂಪ.

ಬಿಡುವಿನಲ್ಲಿ ಅವಳು ಕೆಳಗಿಳಿದು ಹೋದಳು. ಕ್ಯಾಂಟೀನಿನವರು ಅವಳನ್ನು ನೋಡಿ ಹುಬ್ಬೇರಿಸಿದರು. "ಅರೆ, ನೀವಾ? ಏನು ಕಥೆ ಹೇಳಿದ್ರಿ ಮೇಡಂ?"

"ಪೂರ್ತಿ ಆಗಲಿಲ್ಲ," ಎಂದಳು.

ಅವರು ಲೋಟಗಳಿಗೆ ಚಹಾ ಬಗ್ಗಿಸುತ್ತಿರುವಾಗ ಫೋನ್ ಬಂತು. ಅಕ್ಕ.

"ಪುಟ್ಟಿ, ಇವತ್ತು ಬಂದಿದ್ರು ಕಣೆ ಫಿಸಿಯೋ! ಎಷ್ಟು ಒಳ್ಳೇ ಯಮ್ಮ ಅಂತೀಯ. ಭುಜ ಎಲ್ಲಾ ಮುಟ್ಟಿ ನೋಡಿದ್ರು. ತುಂಬಾ ಹೊತ್ತು ನೋಡಿದ್ರು."

"ಏನಂದ್ರು?"

"ನಾಳೆಯಿಂದ ಎಡಗೈ ಅಭ್ಯಾಸ ಮಾಡ್ಸೋಣ ಅಂದ್ರು."

ಅಂದರೆ ಬಲಗೈಯ ಆಸೆ ಬಿಟ್ಟ ಹಾಗೆ. ಆ ಕಡೆಯಿಂದ ಅಕ್ಕನ ಉಸಿರು ಕೇಳುತ್ತಿತ್ತು. ಅಕ್ಕನಿಗೂ ಅರ್ಥವಾಗಿದೆ ಎಂದು ಅವಳಿಗೆ ಗೊತ್ತಾಯಿತು.

"ನಿಮ್ಮ ಭಾವ ಪಕ್ಕದ ಮನೆಯವರಿಗೆಲ್ಲ ಹೇಳ್ತಿದಾರೆ," ಎಂದಳು ಅಕ್ಕ ಕೊನೆಗೆ. "ನಮ್ಮ ಡಾಕ್ಟ್ರಮ್ಮನಿಂದಾನೇ ಮನೆ ಬಾಗಿಲಿಗೆ ಬಂದ್ರು ಅಂತ. ನಂಗೆ ಗೊತ್ತಿತ್ತು, ಅವಳು ಬಿಡ್ತಾಳಾ ಅಂತಿದಾರೆ. ಕೇಳಿಸ್ತಿದೆಯಾ? ಇರು, ಅವರಿಗೇ ಕೊಡ್ತೀನಿ."

"ಆಮೇಲೆ ಮಾಡ್ತೀನಿ ಅಕ್ಕ. ಕೈಯಲ್ಲಿ ಟೀ ಇದೆ."

ಕೈಯಲ್ಲಿ ಚಹಾ ಇನ್ನೂ ಇರಲಿಲ್ಲ. ಫೋನನ್ನು ಒಳಗಿಟ್ಟು, ತಟ್ಟೆ ಎತ್ತಿಕೊಂಡಳು. ಲೋಟಗಳು ಒತ್ತೊತ್ತಾಗಿ ತುಂಬಿ ತಟ್ಟೆ ಭಾರವಾಗಿತ್ತು. ಮೆಟ್ಟಿಲು ನೋಡಿಕೊಂಡು ನಿಧಾನಕ್ಕೆ ಹತ್ತಿದಳು. ಸೆಮಿನಾರು ಕೋಣೆಯ ಬಾಗಿಲನ್ನು ಯಾರೋ ಮುಚ್ಚಿದ್ದರು. ಒಳಗಿಂದ ನಗು ಕೇಳುತ್ತಿತ್ತು. ಹೊಸ ಅಧ್ಯಾಪಕ ಏನೋ ಹೇಳುತ್ತಿದ್ದ, ಸರಾಸರಿಯವರು ಹೌದು ಹೌದು ಎನ್ನುತ್ತಿದ್ದರು.

ಕರೆದರೆ ಯಾರಾದರೂ ಬಂದು ತೆಗೆಯುತ್ತಿದ್ದರು. ಅವಳು ಕರೆಯಲಿಲ್ಲ. ತಟ್ಟೆಯ ಭಾರವನ್ನೆಲ್ಲ ಬಲಗೈಗೆ ಒರಗಿಸಿಕೊಂಡು, ಎಡಗೈಯಿಂದ ಬಾಗಿಲಿನ ಗುಂಡು ಹಿಡಿಯನ್ನು ಹಿಡಿದಳು. ಅದು ಬಿಗಿಯಾಗಿತ್ತು. ಯಾವ ಕಡೆಗೆ ತಿರುಗಿಸಬೇಕೆಂದು ಆ ಕೈಗೆ ತಿಳಿಯಲಿಲ್ಲ, ಜಾರಿತು. ಚಹಾ ತುಳುಕಿ ಬೆರಳಿನ ಮೇಲೆ ಬಿತ್ತು. ಅವಳು ಲೋಟಗಳ ಅಲುಗಾಟ ನಿಲ್ಲುವತನಕ ಹಾಗೇ ನಿಂತಿದ್ದು, ಮತ್ತೆ ಎಡಗೈಯನ್ನೇ ಚಾಚಿದಳು.